ಹಣ್ಣಿನ ಮೇಲಿನ ಮೇಣ, ಗುಳಿಗೆಯ ಮೇಲಿನ ಮೇಣ

ನರಗುಂದಕ್ಕೆ ನಾನು ಹೋದದ್ದು ಮೇಣದ ವಿಚಾರ ತಿಳಿಯುವುದಕ್ಕಲ್ಲ. ಮೊಮ್ಮಗನ ಜವಳದ ಕಾರ್ಯಕ್ಕೆ. ಮಗಳನ್ನು ಆ ಊರಿಗೆ ಕೊಟ್ಟು ಎಂಟು ವರ್ಷವಾಯಿತು. ಮಲೆನಾಡಿನಿಂದ ಹೋದವರಿಗೆ ಆ ಸೀಮೆ ಬೇರೆಯೇ ಲೋಕ. ಅಡಿಕೆ ಮರವಿಲ್ಲ, ಕಾಫಿಯ ನೆರಳಿಲ್ಲ. ಕಣ್ಣು ಹರಿದಷ್ಟು ದೂರಕ್ಕೂ ಎರೆಭೂಮಿ, ಅದರ ನಡುವೆ ಎದ್ದು ನಿಂತ ನರಗುಂದದ ಗುಡ್ಡ. ಮುಂಗಾರಿಯಲ್ಲಿ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ. ನಮ್ಮ ಪತ್ರಿಕೆಯ ಓದುಗರಿಗೆ ಅಲ್ಲಿಯ ಬೆಳೆಯ ಸಂಬಂಧ ಕಡಿಮೆಯೇ. ಆದರೆ ಅಲ್ಲಿ ನಡೆದ ಒಂದು ಸಣ್ಣ ಪ್ರಸಂಗ ನಮ್ಮೆಲ್ಲರ ಮನೆಗೂ, ನಮ್ಮ ಮಾಲಿಗೂ ಸಂಬಂಧಿಸಿದ್ದಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹೋಗುವಾಗ ಹುಬ್ಬಳ್ಳಿಯಲ್ಲಿ ಇಳಿದು ಒಂದು ಬುಟ್ಟಿ ಸೇಬು ಕೊಂಡಿದ್ದೆ. ಕನ್ನಡಿಯಂತೆ ಹೊಳೆಯುವ ಹಣ್ಣು. ಬೀಗತಿಯವರು ಅದರಲ್ಲಿ ಒಂದನ್ನು ಕೈಗೆ ತೆಗೆದುಕೊಂಡವರೇ ಈಳಿಗೆಯ ಅಲಗಿಗೆ ಮೆಲ್ಲಗೆ ಹಿಡಿದು ಕೆರೆದರು. ಬಿಳಿಯ ಪುಡಿ ಉದುರಿತು.

“ನೋಡ್ರೀ ಬೀಗರ, ಮೇಣಾ ಬಳದಾರ. ಹುಡುಗರ ಹೊಟ್ಯಾಗ ಮೇಣದಬತ್ತಿ ಹಾಕೂದೇನು?” ಎಂದರು.

ಅವರ ಫೋನಿಗೆ ಇಂಥದೇ ಒಂದು ಚಲಿಸುವ ಚಿತ್ರ ಬಂದಿತ್ತಂತೆ. ಯಾರೋ ಸೇಬನ್ನು ಕೆರೆದು, ಬಂದ ಪುಡಿಗೆ ಬೆಂಕಿ ತೋರಿಸಿ, ಇದು ಕರುಳಿಗೆ ಅಂಟಿಕೊಂಡು ಪ್ರಾಣ ತೆಗೆಯುತ್ತದೆ ಎಂದು ಹೇಳಿದ್ದರಂತೆ. ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅವರು ಮುಂದೆ ಹೇಳಿದ ಮಾತು ನಗುವಂಥದ್ದಾಗಿರಲಿಲ್ಲ.

“ಗುಳಿಗೀ ಮ್ಯಾಲೂ ಇದನ್ನ ಬಳದಿರ್ತಾರಂತ. ಹದಿನೈದು ದಿನಾ ಆತು, ಗುಳಿಗೀನ ಬಿಟ್ಟೇನಿ.”

“ಯಾವ ಗುಳಿಗೆ, ಅಕ್ಕನವರೇ?”

“ಬಿಪಿದು. ಮತ್ತ ಎಲುಬಿಗಂತ ಕೊಟ್ಟಾರಲ್ಲ, ಅದೂ.”

ಅರವತ್ತೈದು ದಾಟಿದವರು, ಹತ್ತು ವರ್ಷದಿಂದ ರಕ್ತದ ಒತ್ತಡ ಇರುವವರು. ಹಣ್ಣಿನ ಮೇಲಿನ ಒಂದು ಚಿಟಿಕೆ ಬಿಳಿ ಪುಡಿ ಅವರನ್ನು ಔಷಧ ಬಿಡುವಲ್ಲಿಗೆ ಮುಟ್ಟಿಸಿತ್ತು. ಅಂದು ಸಂಜೆಯೇ ಅಳಿಯಂದಿರೊಡನೆ ಅವರನ್ನು ಊರಿನ ವೈದ್ಯರಲ್ಲಿಗೆ ಕರೆದೊಯ್ದೆವು. ಅಲ್ಲಿ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಮೇಣ ಎಂದರೇನು, ಅದಕ್ಕೆ ಎಷ್ಟು ಹೆದರಬೇಕು, ಯಾವುದಕ್ಕೆ ಹೆದರಬೇಕು ಎಂಬುದನ್ನು ನೋಡೋಣ.

ಜೋಳದ ದಂಟಿನ ಬಿಳಿ ಬೂದಿ

ಮರುದಿನ ಬೆಳಿಗ್ಗೆ ಅಳಿಯಂದಿರ ಹೊಲಕ್ಕೆ ಹೋದಾಗ ಬಿಳಿಜೋಳ ತೆನೆ ಕಟ್ಟುವ ಹಂತದಲ್ಲಿತ್ತು. ದಂಟಿನ ಮೇಲೆ, ಎಲೆಯ ತೊಟ್ಟಿನ ಮೇಲೆ ಬೂದಿ ಬಳಿದಂತೆ ಬಿಳಿ ಪುಡಿ. ಬೆರಳಿನಿಂದ ಉಜ್ಜಿದರೆ ಕೈಗೆ ಹತ್ತುತ್ತದೆ. ಅದೂ ಮೇಣವೇ. ಗಿಡ ತಾನೇ ತಯಾರಿಸಿ ತನ್ನ ಮೈಗೆ ಬಳಿದುಕೊಂಡ ಮೇಣ. ಎರೆಭೂಮಿಯಲ್ಲಿ ಮಳೆ ನಿಂತ ಮೇಲೆ, ನೆಲದ ಹಸಿಯ ಮೇಲೆಯೇ ಬದುಕಬೇಕಾದ ಹಿಂಗಾರಿ ಜೋಳಕ್ಕೆ ಈ ಹೊದಿಕೆ ಬಹಳ ದೊಡ್ಡ ಆಸರೆ. ಮೈಯಿಂದ ನೀರು ಆವಿಯಾಗಿ ಹೋಗದಂತೆ ಅದು ತಡೆಯುತ್ತದೆ, ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ.

ಜೋಳದ ಕಾಳಿನಲ್ಲೂ ಮೇಣವಿದೆ. ನೂರು ಕಿಲೋ ಕಾಳಿನಲ್ಲಿ ಸುಮಾರು ಕಾಲು ಕಿಲೋದಷ್ಟು. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸಂಶೋಧಕರು ಜೋಳದ ಮೇಣವನ್ನು ಬೇರ್ಪಡಿಸಿ ಪರೀಕ್ಷಿಸಿ, ಅದು ಗುಣದಲ್ಲಿ ಪೇಟೆಯ ಕಾರ್ನೌಬಾ ಮೇಣಕ್ಕೆ ಹತ್ತಿರದ್ದೆಂದು ಕಂಡುಕೊಂಡಿದ್ದಾರೆ. ಅಂದಮೇಲೆ ನರಗುಂದದ ಜನ ರೊಟ್ಟಿಯ ಜೊತೆಯಲ್ಲಿ ತಲೆತಲಾಂತರದಿಂದ ಒಂದಿಷ್ಟು ಸಸ್ಯದ ಮೇಣವನ್ನು ಉಣ್ಣುತ್ತಲೇ ಬಂದಿದ್ದಾರೆ ಎಂದಾಯಿತು.

ನಮ್ಮ ತೋಟದಲ್ಲೂ ಇದೇ ಕಥೆ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ನಾವು ರಾಳದ ಅಂಟು ಸೇರಿಸುವುದೇಕೆ? ಎಳೆ ಅಡಿಕೆಯ ನುಣುಪು ಮೈಮೇಲೆ ಮದ್ದು ನಿಲ್ಲದೆ ಜಾರಿಹೋಗುತ್ತದೆ ಎಂಬ ಕಾರಣಕ್ಕೆ. ಆ ನುಣುಪು ಮೇಣದ್ದು. ಕಾಫಿಯ ಹಸಿ ಬೀಜದ ಮೇಲೂ ತೆಳುವಾದ ಮೇಣದ ಪದರವಿದೆ. ಬೀಜದ ತೂಕದ ನೂರರಲ್ಲಿ ಸುಮಾರು 0.2ರಿಂದ 0.3 ಪಾಲು. ಈ ಮೇಣದಲ್ಲಿರುವ ಕೆಲವು ವಸ್ತುಗಳು ಕೆಲವರ ಹೊಟ್ಟೆಗೆ ಒಗ್ಗುವುದಿಲ್ಲವೆಂದು ಭಾವಿಸಿ ಜರ್ಮನಿಯಲ್ಲಿ 1930ರ ದಶಕದಿಂದಲೇ ಹಸಿ ಬೀಜವನ್ನು ಹಬೆಯಲ್ಲಿ ಹದಮಾಡಿ ‘ಹೊಟ್ಟೆಗೆ ಹಿತವಾದ ಕಾಫಿ’ ಎಂದು ಮಾರುವ ಪದ್ಧತಿ ಬಂತು. ಉಳಿದವರೆಲ್ಲ ಆ ಮೇಣ ಸಮೇತವಾಗಿಯೇ ಹುರಿದು ಕುಡಿದಿದ್ದೇವೆ.

ಸೇಬೂ ಹಾಗೆಯೇ. ಮರದಲ್ಲಿರುವಾಗಲೇ ಅದರ ಮೈಮೇಲೆ ಮೇಣವಿರುತ್ತದೆ. ಆದ್ದರಿಂದ ಕೆರೆದಾಗ ಪುಡಿ ಬಂತೆಂದ ಮಾತ್ರಕ್ಕೆ ಯಾರೋ ಬಳಿದಿದ್ದಾರೆ ಎಂದು ಹೇಳಲು ಬರುವುದಿಲ್ಲ. ಬೆಂಕಿ ತೋರಿಸಿದರೆ ಒಳ್ಳೆಯ ಮೇಣವೂ ಉರಿಯುತ್ತದೆ, ಕೆಟ್ಟ ಮೇಣವೂ ಉರಿಯುತ್ತದೆ. ಅಡಿಗೆಮನೆಯ ಪರೀಕ್ಷೆಯಿಂದ ಇದು ತೀರ್ಮಾನವಾಗುವ ವಿಷಯವಲ್ಲ.

ಬಳಿಯುವುದು ಏಕೆ?

ಹಾಗಾದರೆ ಇರುವ ಮೇಣದ ಮೇಲೆ ಮತ್ತೆ ಬಳಿಯುವುದೇಕೆ ಎಂದು ಕೇಳಬಹುದು. ಹಣ್ಣನ್ನು ಕಿತ್ತು ಪ್ಯಾಕಿಂಗ್ ಶೆಡ್ಡಿನಲ್ಲಿ ಧೂಳು, ಔಷಧದ ಕಲೆ ಹೋಗುವಂತೆ ತೊಳೆದು ಬ್ರಷ್ಷಿನಿಂದ ಉಜ್ಜಿದಾಗ ಸ್ವಂತ ಮೇಣದ ಒಂದು ಭಾಗ ಹೊರಟುಹೋಗುತ್ತದೆ. ಆಮೇಲೆ ಹಣ್ಣು ಬೇಗ ನೀರು ಕಳೆದುಕೊಂಡು ಸುಕ್ಕಾಗುತ್ತದೆ, ತೂಕ ಇಳಿಯುತ್ತದೆ. ಹೋದದ್ದರ ಬದಲಿಗೆ ತೆಳುವಾದ ಲೇಪ ಕೊಟ್ಟರೆ ಹಣ್ಣಿನ ಉಸಿರಾಟ ನಿಧಾನವಾಗಿ ಹೆಚ್ಚು ದಿನ ಬಾಳುತ್ತದೆ. ಹೊಳಪೂ ಬರುತ್ತದೆ, ವ್ಯಾಪಾರಿಗೆ ಬೇಕಾದದ್ದು ಅದು.

ಈ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಹಣ್ಣು ತರಕಾರಿಗಳಿಗೆ ಮೇಣದ ಹಾಲನ್ನು, ಅಂದರೆ ಮೇಣವನ್ನು ನೀರಿನಲ್ಲಿ ಸಣ್ಣ ಕಣಗಳಾಗಿ ಬೆರೆಸಿದ ದ್ರಾವಣವನ್ನು, ಕುರಿತು ಕೆಲಸ ನಡೆದು, 1971ರ ಹೊತ್ತಿಗೆ ಅಲ್ಲಿಯ ವಿಜ್ಞಾನಿಗಳು ಅದರ ಫಲಿತಾಂಶಗಳನ್ನು ಪ್ರಕಟಿಸಿದ್ದರು. ಶೀತಲ ಗೃಹ ಅಪರೂಪವಾಗಿದ್ದ ದೇಶದಲ್ಲಿ ಕಿತ್ತಳೆ, ಮಾವು ಇನ್ನೂ ನಾಲ್ಕು ದಿನ ಉಳಿಯಲಿ ಎಂಬುದು ಅದರ ಉದ್ದೇಶವಾಗಿತ್ತು. ಕಾಫಿಯ ನಡುವೆ ಕಿತ್ತಳೆ ಬೆಳೆದವರಿಗೆ ಹಣ್ಣು ಕೊಳೆತು ಸುರಿಯುವ ಸಂಕಟ ಗೊತ್ತಿದೆ.

ಯಾವ ಮೇಣ, ಎಲ್ಲಿಯದು?

ಸಸ್ಯದ ಮೇಣಗಳಲ್ಲಿ ಮೊದಲ ಹೆಸರು ಕಾರ್ನೌಬಾ. ಇದು ನಮ್ಮ ಅಡಿಕೆಯ ಬಳಗದ್ದೇ, ಒಂದು ತಾಳೆ ಜಾತಿಯ ಮರ. ಬ್ರೆಜಿಲಿನ ಈಶಾನ್ಯ ಭಾಗದ ಪಿಯಾವಿ, ಸಿಯಾರಾ ಮುಂತಾದ ಒಣ ಸೀಮೆಗಳಲ್ಲಿ ಬೆಳೆಯುತ್ತದೆ. ಬೇಸಿಗೆಯಲ್ಲಿ ಗರಿ ಕತ್ತರಿಸಿ, ಬಿಸಿಲಿನಲ್ಲಿ ಒಣಗಿಸಿ, ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಅದನ್ನು ಕರಗಿಸಿ ಸೋಸುತ್ತಾರೆ. ಮರಕ್ಕೆ ಕೇಡಿಲ್ಲ, ಮತ್ತೆ ಗರಿ ಬರುತ್ತದೆ. ಇದು ಕರಗಲು 80 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲಿನ ಶಾಖ ಬೇಕು, ಅಷ್ಟು ಗಟ್ಟಿ. ಮಿಠಾಯಿ, ಚೂಯಿಂಗ್ ಗಮ್, ಹಣ್ಣು, ಗುಳಿಗೆ ಎಲ್ಲಕ್ಕೂ ಹೊಳಪು ಕೊಡಲು ಇದನ್ನೇ ಹೆಚ್ಚಾಗಿ ಬಳಸುವುದು. ಪೊಟ್ಟಣದ ಮೇಲೆ 903 ಎಂಬ ಸಂಖ್ಯೆ ಇದ್ದರೆ ಅದು ಕಾರ್ನೌಬಾ.

ಎರಡನೆಯದು ಕ್ಯಾಂಡೆಲಿಲ್ಲಾ, ಸಂಖ್ಯೆ 902. ಮೆಕ್ಸಿಕೋದ ಉತ್ತರದ ಮರುಭೂಮಿಯ ಒಂದು ಕಳ್ಳಿ ಜಾತಿಯ ಪೊದೆಯಿಂದ ಬರುವಂಥದ್ದು. ಮೂರನೆಯದು ಅಕ್ಕಿ ತೌಡಿನ ಮೇಣ, ಸಂಖ್ಯೆ 908. ತೌಡಿನ ಎಣ್ಣೆಯನ್ನು ಶುದ್ಧೀಕರಿಸುವಾಗ ತಂಪಿಗೆ ಗರಣೆಗಟ್ಟಿ ಕೆಳಗೆ ಕೂರುವ ಮೇಣ ಇದು. ಸಸ್ಯದ್ದಲ್ಲದ ಎರಡು ಹೆಸರುಗಳೂ ಇದರ ಜೊತೆಯಲ್ಲೇ ಬರುತ್ತವೆ: 901 ಜೇನುಮೇಣ, 904 ಅರಗು. ಅರಗು ಹುಳದಿಂದ ಬರುವ ರಾಳ. ಪಾಂಡವರ ಅರಗಿನ ಮನೆಯ ಅರಗೇ ಇದು.

ಇವೆಲ್ಲಕ್ಕಿಂತ ಬೇರೆಯಾದದ್ದು ಮೇಣದಬತ್ತಿಯ ಪ್ಯಾರಾಫಿನ್. ಅದು ಗಿಡದ್ದಲ್ಲ, ಜೇನಿನದಲ್ಲ, ಕಲ್ಲೆಣ್ಣೆಯಿಂದ ಬಂದದ್ದು. ಅಂಗಡಿಯಲ್ಲಿ ಬತ್ತಿಗೆಂದು ಮಾರುವ ಪ್ಯಾರಾಫಿನ್ನನ್ನು ತಿನ್ನುವ ಪದಾರ್ಥಕ್ಕೆ ಬೇಕಾದ ಶುದ್ಧಿಯಲ್ಲಿ ತಯಾರಿಸಿರುವುದಿಲ್ಲ. ನಮ್ಮ ಬೀಗತಿಯವರ ಮಾತಿನಲ್ಲಿ ಎಲ್ಲ ಮೇಣವೂ ‘ಮೇಣದಬತ್ತಿ’ಯೇ ಆಗಿತ್ತು. ಗೊಂದಲದ ಮೂಲ ಇಲ್ಲಿಯೇ ಇದೆ.

ನಮ್ಮ ದೇಶದ 2011ರ ಆಹಾರ ಸುರಕ್ಷತಾ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಹಣ್ಣು ತರಕಾರಿಗಳ ಮೇಲೆ ಮೇಣ, ಖನಿಜ ತೈಲ, ಬಣ್ಣ ಯಾವುದೂ ಇರಕೂಡದು. ಇದಕ್ಕೆ ಅಪವಾದ ಮೂರೇ: ತಿನ್ನಲು ಯೋಗ್ಯವಾದ ಜೇನುಮೇಣ, ಕಾರ್ನೌಬಾ ಮೇಣ ಮತ್ತು ಅರಗು. ಅವನ್ನು ಬಳಿದರೂ ‘ಮೇಣ ಲೇಪಿತ’ ಎಂದು, ಯಾವ ಮೇಣವೆಂಬ ಹೆಸರಿನೊಡನೆ, ಪೆಟ್ಟಿಗೆಯ ಮೇಲೆ ಬರೆಯಬೇಕು. ಆದರೆ ನಾವು ಸಂತೆಯಲ್ಲಿ ಬಿಡಿಯಾಗಿ ಕೊಳ್ಳುವಾಗ ಆ ಪೆಟ್ಟಿಗೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಕೇಳುವ ಹಕ್ಕು ನಮಗುಂಟು, ಕೇಳುವ ರೂಢಿ ಇಲ್ಲ.

ಎಷ್ಟು ತಿಂದರೆ ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ 1992ರಲ್ಲಿ ಈ ಮೇಣಗಳನ್ನು ಪರಿಶೀಲಿಸಿತು. ಕಾರ್ನೌಬಾ ಮೇಣಕ್ಕೆ ಅದು ಹಾಕಿದ ಮಿತಿ: ದೇಹದ ತೂಕದ ಒಂದೊಂದು ಕಿಲೋಗೆ ದಿನಕ್ಕೆ 7 ಮಿಲಿಗ್ರಾಂವರೆಗೆ, ಬದುಕಿರುವಷ್ಟು ಕಾಲ ದಿನವೂ ತಿಂದರೂ ಚಿಂತೆಯಿಲ್ಲ. ಇಂಥ ಮಿತಿಯನ್ನು ಹಾಕುವಾಗ ಪ್ರಾಣಿಗಳಿಗೆ ಯಾವ ತೊಂದರೆಯನ್ನೂ ಕೊಡದ ಪ್ರಮಾಣವನ್ನು ಹಿಡಿದು, ಸಾಮಾನ್ಯವಾಗಿ ಅದರ ನೂರನೆಯ ಒಂದು ಪಾಲನ್ನು ಮನುಷ್ಯರಿಗೆ ನಿಗದಿ ಮಾಡುತ್ತಾರೆ. ಜೇನುಮೇಣ, ಕ್ಯಾಂಡೆಲಿಲ್ಲಾ, ಅರಗು ಇವುಗಳ ಈಗಿನ ಬಳಕೆಯನ್ನೂ ಸಮಿತಿ ಒಪ್ಪಿತು.

ಲೆಕ್ಕ ಮಾಡಿ ನೋಡೋಣ. ನನ್ನ ಹಿರಿಯ ಮೊಮ್ಮಗಳ ತೂಕ 20 ಕಿಲೋ. ಅವಳಿಗೆ ಮಿತಿ ದಿನಕ್ಕೆ 140 ಮಿಲಿಗ್ರಾಂ. ಒಂದು ಸೇಬಿನ ಮೇಲೆ ಬಳಿದ ಮೇಣ ಎಷ್ಟಿರಬಹುದು? ಒಂದು ಪೌಂಡು, ಅಂದರೆ 454 ಗ್ರಾಂ ಮೇಣ 1,60,000 ಹಣ್ಣುಗಳಿಗೆ ಸಾಕೆಂಬುದು ಅಮೆರಿಕದ ಹಣ್ಣಿನ ಉದ್ಯಮದವರ ಅಂದಾಜು. ಅಂದರೆ ಒಂದು ಹಣ್ಣಿಗೆ 3 ಮಿಲಿಗ್ರಾಂಗೂ ಕಡಿಮೆ. ಮಾರುವವರ ಲೆಕ್ಕವನ್ನು ನಂಬುವುದು ಬೇಡವೆಂದು ಅದನ್ನು ಹತ್ತು ಪಟ್ಟು ಹೆಚ್ಚಿಸಿ 30 ಮಿಲಿಗ್ರಾಂ ಎಂದೇ ಹಿಡಿಯಿರಿ. ಆಗಲೂ ಆ ಮಗು ದಿನಕ್ಕೆ ನಾಲ್ಕು ಸೇಬು ಸಿಪ್ಪೆ ಸಮೇತ ತಿಂದರೂ ಮಿತಿಯ ಒಳಗೇ ಇರುತ್ತದೆ. ಒಂದು ಸೇಬು ತಿನ್ನಿಸಲೇ ತಾಯಿ ಅಂಗಳವೆಲ್ಲ ಸುತ್ತಬೇಕಾದ ಮಗು ಅದು.

ಇಂಥ ಮೇಣ ಕರುಳಿಗೆ ಅಂಟಿ ಕೂರುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ನಮ್ಮ ಜೀರ್ಣಾಂಗಕ್ಕೆ ಇದನ್ನು ಒಡೆಯುವುದು ಕಷ್ಟ. ಆದ್ದರಿಂದ ಬಹುಪಾಲು ಬಂದಂತೆಯೇ ಹೊರಗೆ ಹೋಗುತ್ತದೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ಕಾರ್ನೌಬಾವನ್ನು ಮತ್ತೆ ಪರಿಶೀಲಿಸಿದಾಗ, ದೀರ್ಘಕಾಲದ ಪರೀಕ್ಷೆಗಳ ಮಾಹಿತಿ ಸಾಲದೆಂದು ಹೇಳಿ, ಆದರೂ ಈಗ ಬಳಕೆಯಲ್ಲಿರುವ ಪ್ರಮಾಣದಲ್ಲಿ ಸುರಕ್ಷತೆಯ ಆತಂಕವಿಲ್ಲವೆಂದು ತೀರ್ಮಾನಿಸಿತು. ವಿಜ್ಞಾನಿಗಳು ಮಾತನಾಡುವ ರೀತಿ ಇದು. ಫೋನಿನ ಚಿತ್ರದವರು ಮಾತನಾಡುವ ರೀತಿ ಬೇರೆ.

ಮೇಣದ ಜೊತೆಗಾರರು

ಹಾಗಾದರೆ ಏನೂ ಚಿಂತೆಯಿಲ್ಲವೇ? ಹಾಗಲ್ಲ. ಚಿಂತಿಸಬೇಕಾದದ್ದು ಮೇಣಕ್ಕಿಂತ ಅದರ ಜೊತೆಗೆ ಬರುವವುಗಳ ಬಗ್ಗೆ.

ಮೇಣವನ್ನು ನೀರಿನಲ್ಲಿ ಬೆರೆಸಲು ಇನ್ನೊಂದು ವಸ್ತು ಬೇಕು. ಕೆಲವು ದೇಶಗಳಲ್ಲಿ ಅದಕ್ಕೆ ಮಾರ್ಫೋಲಿನ್ ಎಂಬ ರಾಸಾಯನಿಕವನ್ನು ಬಳಸುತ್ತಾರೆ. ಅಮೆರಿಕ, ಕೆನಡಾಗಳಲ್ಲಿ ಅದಕ್ಕೆ ಒಪ್ಪಿಗೆ ಇದೆ. ಯುರೋಪಿನ ಒಕ್ಕೂಟದಲ್ಲಿ ಇಲ್ಲ. ಅದು ದೇಹದಲ್ಲಿ ಬೇರೆ ವಸ್ತುಗಳೊಡನೆ ಕೂಡಿ ಕ್ಯಾನ್ಸರಿಗೆ ಕಾರಣವಾಗಬಲ್ಲ ಸಂಯುಕ್ತವಾಗಬಹುದೇ ಎಂಬುದು ಪ್ರಶ್ನೆ. ಕೆನಡಾ ಸರಕಾರದ ತಜ್ಞರು 2002ರಲ್ಲಿ ಪರಿಶೀಲಿಸಿ ಹಣ್ಣಿನ ಮೇಲಿನ ಪ್ರಮಾಣದಲ್ಲಿ ಅಪಾಯವಿಲ್ಲವೆಂದರು. ಬ್ರಿಟನ್ನಿನಲ್ಲಿ 2010ರಲ್ಲಿ ಆಮದಾದ ಸೇಬಿನಲ್ಲಿ ಇದು ಸಿಕ್ಕಾಗ ಅಂಥ ಹಣ್ಣನ್ನು ಮಾರಬಾರದೆಂದರು. ಒಂದೇ ವಸ್ತುವಿಗೆ ಎರಡು ದೇಶದಲ್ಲಿ ಎರಡು ನ್ಯಾಯ.

ಇನ್ನು ಕೊಳೆಯದಂತೆ ಮೇಣದೊಳಗೇ ಶಿಲೀಂಧ್ರನಾಶಕ ಬೆರೆಸುವ ಪದ್ಧತಿ ಕಿತ್ತಳೆ, ನಿಂಬೆಯ ಜಾತಿಗಳಲ್ಲಿ ವಿದೇಶಗಳಲ್ಲಿ ಇದೆ. ತೋಟದಲ್ಲಿ ಹೊಡೆದ ಔಷಧ ಸರಿಯಾಗಿ ತೊಳೆಯದೆ ಉಳಿದಿದ್ದರೆ ಅದರ ಮೇಲೆ ಮೇಣ ಬಳಿದಾಗ ಅದೂ ಒಳಗೆ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಖರ್ಚು ಉಳಿಸಲು ಅಗ್ಗದ ಪ್ಯಾರಾಫಿನ್ನನ್ನೋ ಖನಿಜ ತೈಲವನ್ನೋ ಹಚ್ಚುವುದು. ಅದು ಕಾನೂನಿಗೆ ವಿರೋಧ, ಹೊಟ್ಟೆಗೂ ಸಲ್ಲದು.

ಮೇಣ ತೆಗೆಯುವ ಕೂಲಿಯವರ ಮಾತನ್ನೂ ಇಲ್ಲಿಯೇ ಹೇಳಬೇಕು. ಬ್ರೆಜಿಲಿನ ಕಾರ್ನೌಬಾ ತೋಪುಗಳಲ್ಲಿ ಕುಡಿಯುವ ನೀರು, ಮಲಗುವ ಜಾಗ ಇಲ್ಲದೆ ಜೀತದಂತೆ ದುಡಿಯುತ್ತಿದ್ದವರನ್ನು ಅಲ್ಲಿಯ ಕಾರ್ಮಿಕ ಅಧಿಕಾರಿಗಳು ಬಿಡಿಸಿದ ಪ್ರಕರಣಗಳಿವೆ. 2017ರಲ್ಲಿ ಜರ್ಮನಿಯ ದೂರದರ್ಶನ ಇದನ್ನು ತೋರಿಸಿದ ಮೇಲೆ ಮಿಠಾಯಿ ಕಂಪನಿಗಳು ಉತ್ತರ ಹೇಳಬೇಕಾಯಿತು. ತಿನ್ನುವವನಿಗೆ ಸುರಕ್ಷಿತವಾದದ್ದು ಬೆಳೆಯುವವನಿಗೂ ಸುರಕ್ಷಿತವೇ ಎಂದು ತೋಟಗಾರರಾದ ನಾವು ಕೇಳದಿದ್ದರೆ ಮತ್ತಾರು ಕೇಳಬೇಕು?

ಗುಳಿಗೆಯ ಮೇಲಿನ ಲೇಪ

ಗುಳಿಗೆಯ ಮೇಲೆ ಕಾರ್ನೌಬಾವನ್ನು ಬಳಸುವುದು ನಿಜ. ಆದರೆ ಅದು ಕೊನೆಯ ಪಾಲಿಶ್ ಮಾತ್ರ, ಧೂಳು ಹಿಡಿದಷ್ಟು. ಗುಳಿಗೆಗಳು ಒಂದಕ್ಕೊಂದು ಅಂಟದಿರಲಿ, ಗಂಟಲಲ್ಲಿ ಜಾರಲಿ, ತೇವ ತಾಗದಿರಲಿ ಎಂದು ಹೀಗೆ ಮಾಡುತ್ತಾರೆ. ಕೆಲವು ಗುಳಿಗೆಗಳಿಗೆ ದಪ್ಪ ಲೇಪವಿರುತ್ತದೆ. ಅದಕ್ಕೆ ಬೇರೆ ಕಾರಣವಿದೆ. ಹೊಟ್ಟೆಯ ಆಮ್ಲದಲ್ಲಿ ಕರಗದೆ ಮುಂದೆ ಕರುಳಿನಲ್ಲಿ ಕರಗಲಿ, ಅಥವಾ ಔಷಧ ಇಡೀ ದಿನ ಸ್ವಲ್ಪಸ್ವಲ್ಪವಾಗಿ ಇಳಿಯಲಿ ಎಂಬ ಏರ್ಪಾಡು ಅದು. ಅಂಥ ಗುಳಿಗೆಯ ಲೇಪವನ್ನು ಕೆರೆದು ತೆಗೆಯುವುದು, ಅರೆದು ಪುಡಿಮಾಡಿ ನುಂಗುವುದು ಅಪಾಯ. ಇಡೀ ದಿನಕ್ಕೆ ಹಂಚಬೇಕಾದ ಮದ್ದು ಒಮ್ಮೆಲೇ ಮೈಗೆ ಇಳಿಯುತ್ತದೆ. ಲೇಪಕ್ಕೆ ಹೆದರಿ ಲೇಪ ತೆಗೆಯುವುದು ಲೇಪಕ್ಕಿಂತ ಕೆಟ್ಟದ್ದು.

ಶಕ್ತಿಯ ಗುಳಿಗೆ, ಎಲುಬಿನ ಗುಳಿಗೆ ಎಂದು ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ಪೂರಕಗಳ ಮೇಲೂ ಇದೇ ಲೇಪ. ಅಲ್ಲಿ ಕೇಳಬೇಕಾದ ಪ್ರಶ್ನೆ, ಒಳಗಿರುವುದು ನನಗೆ ಬೇಕೇ ಎಂಬುದು. ಮೇಣವನ್ನೇ ಪೂರಕವೆಂದು ಮಾರಿದ ಉದಾಹರಣೆಯೂ ಇದೆ. ಕಬ್ಬಿನ ಮೇಣದಿಂದ ತೆಗೆದ ಪಾಲಿಕೊಸನಾಲ್ ರಕ್ತದ ಕೊಬ್ಬನ್ನು ಇಳಿಸುತ್ತದೆಂದು ಕ್ಯೂಬಾ ದೇಶದಿಂದ ಬಂದ ವರದಿಗಳ ಮೇಲೆ ಲೋಕವೆಲ್ಲ ಅದನ್ನು ಕೊಂಡಿತು. 2006ರಲ್ಲಿ ಜರ್ಮನಿಯ ಸಂಶೋಧಕರು ಸುಳ್ಳು ಗುಳಿಗೆಯೊಡನೆ ಹೋಲಿಸಿ ಪರೀಕ್ಷಿಸಿದಾಗ ಕೊಬ್ಬು ಇಳಿಯಲಿಲ್ಲ. ಮೇಣ ಕೇಡು ಮಾಡಲಿಲ್ಲ, ಒಳ್ಳೆಯದನ್ನೂ ಮಾಡಲಿಲ್ಲ; ಖಾಲಿಯಾದದ್ದು ಜೇಬು.

ಸಸ್ಯಾಹಾರಿಗಳ ಪ್ರಶ್ನೆ

ನರಗುಂದದಲ್ಲಿ ನನ್ನನ್ನು ಹೆಚ್ಚು ಜನ ಕೇಳಿದ್ದು ಈ ಪ್ರಶ್ನೆಯನ್ನು: ಅದು ಗಿಡದ್ದೋ, ಪ್ರಾಣಿಯದೋ? ಕಾರ್ನೌಬಾ, ಕ್ಯಾಂಡೆಲಿಲ್ಲಾ, ತೌಡಿನ ಮೇಣ ಗಿಡದವು. ಜೇನುಮೇಣ ಜೇನುಹುಳದ್ದು, ಅರಗು ಅರಗಿನ ಹುಳದ್ದು. 2020ರ ಲೇಬಲ್ ನಿಯಮಗಳಲ್ಲಿ ಮಾಂಸಾಹಾರ ಎಂದರೇನೆಂದು ವಿವರಿಸುವಾಗ ಹಾಲು, ಜೇನುತುಪ್ಪಗಳ ಜೊತೆಗೆ ಜೇನುಮೇಣ, ಅರಗುಗಳನ್ನೂ ಹೊರಗಿಟ್ಟಿದ್ದಾರೆ. ಆದ್ದರಿಂದ ಹಸಿರು ಗುರುತು ಇದ್ದರೂ ಒಳಗೆ ಅರಗು ಇರಬಹುದು. ಇದನ್ನು ಒಲ್ಲದವರು 901, 904 ಎಂಬ ಸಂಖ್ಯೆಗಳನ್ನು ನೋಡಿ ಬಿಡಬಹುದು. ಗುಳಿಗೆಗಿಂತ ಮೆತ್ತನೆಯ ಕ್ಯಾಪ್ಸೂಲಿನ ಹೊದಿಕೆಯನ್ನು ವಿಚಾರಿಸುವುದು ಮುಖ್ಯ. ಅದು ಹೆಚ್ಚಾಗಿ ದನ, ಹಂದಿಗಳ ಚರ್ಮ ಮೂಳೆಗಳಿಂದ ತೆಗೆದ ಜೆಲಾಟಿನ್. ಆದರೆ ವೈದ್ಯರು ಕೊಟ್ಟ ಔಷಧವಾದರೆ ಬಿಡುವ ಮೊದಲು ಬದಲಿ ಇದೆಯೇ ಎಂದು ಅವರನ್ನೇ ಕೇಳಬೇಕು.

ನಮ್ಮ ಮಾಲಿನ ಹೊಳಪು

ಇಷ್ಟು ಹೊತ್ತು ಕೊಳ್ಳುವವರಾಗಿ ಮಾತನಾಡಿದೆವು. ನಾವು ಮಾರುವವರೂ ಹೌದು. ಹೊಳಪಿನ ವಿಚಾರದಲ್ಲಿ ನಮ್ಮ ಮನೆ ಎಷ್ಟು ಚೊಕ್ಕಟ ಎಂದು ನೋಡಿಕೊಳ್ಳಬೇಡವೇ?

ಕೆಂಪಡಿಕೆಗೆ ನಾವು ಚೊಗರು ಹಾಕುತ್ತೇವೆ. ಅಡಿಕೆ ಬೇಯಿಸಿದ ನೀರನ್ನೇ ಕುದಿಸಿ ಮಂದ ಮಾಡಿದ ಕಷಾಯ ಅದು. ಅಡಿಕೆಯದೇ ಒಗರು ಅಡಿಕೆಗೆ. ಹಿಂದಿನವರು ಕಂಡುಕೊಂಡ ಒಳ್ಳೆಯ ಲೇಪ. ಆದರೆ ಚೊಗರಿನ ಹೆಸರಿನಲ್ಲಿ ಕೆಮ್ಮಣ್ಣಿನಂಥ ಬಣ್ಣ ಸೇರಿಸುವುದು ಕಲಬೆರಕೆಯೇ ಸರಿ. ಯಾರು ಮಾಡಿದರೂ ಹೆಸರು ಕೆಡುವುದು ಎಲ್ಲ ಬೆಳೆಗಾರರದು. ಅಡಿಕೆಯನ್ನೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ ಎಂಬ ಕಹಿ ಸಂಗತಿಯನ್ನೂ ಇಲ್ಲಿ ಮರೆಯುವಂತಿಲ್ಲ. ಲೇಪ ಎಷ್ಟೇ ಶುದ್ಧವಾಗಿದ್ದರೂ ಒಳಗಿನದರ ಗುಣವನ್ನು ಅದು ಬದಲಿಸದು.

ಕಾಫಿಗಂತೂ ನಿಯಮ ಕಟ್ಟುನಿಟ್ಟು. ಹುರಿದ ಕಾಫಿಗೆ ಕೃತಕ ಬಣ್ಣವಾಗಲಿ, ಹೊಳಪು ಕೊಡುವ ಯಾವ ವಸ್ತುವಾಗಲಿ ಇರಕೂಡದೆಂದು ಕಾನೂನಿದೆ. ಬೀಜದ ಮೇಲೆ ಕಾಣುವ ಮಿಂಚು ಹುರಿದಾಗ ಒಳಗಿನಿಂದ ಬಂದ ಎಣ್ಣೆಯದು ಮಾತ್ರ ಆಗಿರಬೇಕು.

ಕಾಳುಮೆಣಸಿನ ಪಾಠ ಇನ್ನೂ ದೊಡ್ಡದು. 2012ರ ಡಿಸೆಂಬರಿನಲ್ಲಿ ಕೊಚ್ಚಿಯ ಗೋದಾಮುಗಳಲ್ಲಿ ಸಾವಿರಾರು ಟನ್ ಮೆಣಸಿಗೆ ಖನಿಜ ತೈಲ ಹಚ್ಚಿದ್ದು ಕಂಡುಬಂದು ಆಹಾರ ಸುರಕ್ಷತಾ ಅಧಿಕಾರಿಗಳು ಬೀಗಮುದ್ರೆ ಹಾಕಿದರು. ಬೂಷ್ಟು ಬಾರದಿರಲಿ, ಕಪ್ಪಗೆ ಹೊಳೆಯಲಿ ಎಂದು ಮಾಡಿದ ಕೆಲಸ. ಮಾಲು ವರ್ಷಗಟ್ಟಲೆ ಅಲ್ಲೇ ಸಿಕ್ಕಿಬಿತ್ತು. ಮೆಣಸಿನಕಾಯಿಯಲ್ಲಿಯೂ ಹಾಗೆಯೇ: 2003ರಲ್ಲಿ ಭಾರತದಿಂದ ಹೋದ ಖಾರದ ಪುಡಿಯಲ್ಲಿ ಸುಡಾನ್ ಎಂಬ ಬಣ್ಣ ಯುರೋಪಿನಲ್ಲಿ ಪತ್ತೆಯಾದ ಮೇಲೆ, ಬಣ್ಣವನ್ನು ಕಂಡೇ ಇರದ ರೈತನ ಕಾಯಿಗೂ ಪರೀಕ್ಷೆಯ ಚೀಟಿ ಬೇಕಾಯಿತು. ಹೊಳಪು ಹಚ್ಚಿದವನು ಒಬ್ಬ, ದರ ಕಳೆದುಕೊಂಡವನು ಇನ್ನೊಬ್ಬ.

ನರಗುಂದ ಲೆಕ್ಕ ಕೇಳಿದ ಊರು. ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ ಕರ ಕಟ್ಟೆಂದಾಗ 1980ರ ಜುಲೈ 21ರಂದು ಅಲ್ಲಿಯ ರೈತರು ಎದ್ದು ನಿಂತದ್ದೇ ರಾಜ್ಯದ ರೈತ ಚಳವಳಿಗೆ ನಾಂದಿಯಾಯಿತು. ಅಂಥ ಊರಿನವರೂ ಫೋನಿನಲ್ಲಿ ಬಂದದ್ದಕ್ಕೆ ಲೆಕ್ಕ ಕೇಳದೆ ಗುಳಿಗೆ ಬಿಡುವುದಾದರೆ ನಮ್ಮ ಪಾಡೇನು ಎಂದು ನನಗೆ ಅನ್ನಿಸಿತು. ಸರಕಾರದ ಮಾತಿಗೂ ಲೆಕ್ಕ ಕೇಳಬೇಕು, ವ್ಯಾಪಾರಿಯ ಮಾತಿಗೂ ಕೇಳಬೇಕು, ಹೆದರಿಸುವವರ ಮಾತಿಗೂ ಕೇಳಬೇಕು.

ಮನೆಯಲ್ಲಿ ಮಾಡಬೇಕಾದದ್ದು

ಸದಸ್ಯ ಬಾಂಧವರು ಗಮನದಲ್ಲಿಡಬೇಕಾದ ಕೆಲವು ಮಾತುಗಳು ಇವು. ಹಣ್ಣನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ. ಸೋಪು, ಪಾತ್ರೆ ತೊಳೆಯುವ ದ್ರಾವಣ ಬೇಡ; ಅವು ತಿನ್ನುವಂಥವಲ್ಲ. ತಣ್ಣೀರಿಗೆ ಮೇಣ ಪೂರ್ತಿ ಹೋಗುವುದಿಲ್ಲ. ಮನಸ್ಸಿಗೆ ಸಮಾಧಾನವಿಲ್ಲವಾದರೆ ಸಿಪ್ಪೆ ತೆಗೆಯಿರಿ. ಸಿಪ್ಪೆಯೊಡನೆ ಸ್ವಲ್ಪ ನಾರು, ಸತ್ವ ಹೋಗುತ್ತದೆಂಬುದೂ ತಿಳಿದಿರಲಿ. ಕಿತ್ತಳೆ, ನಿಂಬೆಯ ಸಿಪ್ಪೆಯಲ್ಲಿ ಗೊಜ್ಜು, ಉಪ್ಪಿನಕಾಯಿ ಮಾಡುವವರು ಗೊತ್ತಿದ್ದ ತೋಟದ, ಹೊಳಪು ಹಚ್ಚದ ಹಣ್ಣನ್ನೇ ಆರಿಸಿಕೊಳ್ಳಬೇಕು. ಸಗಟು ಕೊಳ್ಳುವವರು ಪೆಟ್ಟಿಗೆಯ ಮೇಲಿನ ಬರಹ ನೋಡಬೇಕು. ಅನುಮಾನ ಬಂದರೆ ಹಣ್ಣಿನ ಮಾದರಿಯನ್ನು ಚೀಟಿಯೊಡನೆ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಒಪ್ಪಿಸಬೇಕು. ವೈದ್ಯರು ಕೊಟ್ಟ ಗುಳಿಗೆಯನ್ನು ಯಾವ ಸುದ್ದಿ ಕೇಳಿಯೂ ತಾವಾಗಿ ನಿಲ್ಲಿಸಬಾರದು.

ಈಗ ಬಿಟ್ಟ ಮಾತಿಗೆ ಬರುತ್ತೇನೆ. ಅಂದು ಸಂಜೆ ವೈದ್ಯರು ಬೀಗತಿಯವರ ತೋಳಿಗೆ ಪಟ್ಟಿ ಕಟ್ಟಿ ನೋಡಿದಾಗ ಮೇಲಿನ ಅಂಕೆ 180 ದಾಟಿತ್ತು. ಅವರು ಬೈಯಲಿಲ್ಲ. ಗುಳಿಗೆಯ ಪಟ್ಟಿಯನ್ನು ತಿರುಗಿಸಿ, “ಇದರ ಮೇಲಿನ ಮೇಣದಿಂದ ನಿಮಗೆ ಏನೂ ಆಗುವುದಿಲ್ಲ ಅಮ್ಮಾ. ಇದನ್ನು ಬಿಟ್ಟರೆ ಏನಾಗುತ್ತದೆಂದು ನಾನು ಇಲ್ಲಿ ಕೂತು ಬಹಳ ಜನರಲ್ಲಿ ನೋಡಿದ್ದೇನೆ” ಎಂದಷ್ಟೇ ಹೇಳಿದರು. ಪಾರ್ಶ್ವವಾಯು ಹೊಡೆದು ಮಲಗಿದ ನೆರೆಮನೆಯವರ ನೆನಪು ಅವರಿಗೂ ಬಂದಿರಬೇಕು. ಹಿಂದಿರುಗುವಾಗ ದಾರಿಯುದ್ದಕ್ಕೂ ಮಾತಿಲ್ಲ. ಊಟವಾದ ಮೇಲೆ ನೀರಿನ ತಂಬಿಗೆ ತರಿಸಿ ಗುಳಿಗೆ ನುಂಗಿದರು.

ಜವಳದ ದಿನ ಮೊಮ್ಮಗಳು ಸೇಬಿಗಾಗಿ ಹಠ ಹಿಡಿದಳು. ಬೀಗತಿಯವರು ಹಣ್ಣನ್ನು ಬಿಸಿನೀರಿನಲ್ಲಿ ತೊಳೆದು, ಸೆರಗಿನಿಂದ ಒರೆಸಿ, ಈಳಿಗೆಯ ಮುಂದೆ ಕುಳಿತರು.

“ನೀವು ಹೇಳಿದ್ದು ಖರೇನ ಇದ್ದೀತು ಬೀಗರ. ಆದ್ರ ನಾ ಮಾತ್ರ ಸಿಪ್ಪಿ ತಗದ ಕೊಡಾಕಿ” ಎಂದರು.

“ಹಾಗೇ ಆಗಲಿ ಅಕ್ಕನವರೇ, ನಿಮ್ಮ ಗುಳಿಗೆಯ ಸಿಪ್ಪೆ ಮಾತ್ರ ತೆಗೆಯಬೇಡಿ” ಎಂದೆ. ಅವರು ನಕ್ಕರು. ಸಿಪ್ಪೆ ಎಮ್ಮೆಯ ಬಾನಿಗೆ ಹೋಯಿತು; ಎಮ್ಮೆ ಯಾವ ಅನುಮಾನವೂ ಇಲ್ಲದೆ ತಿಂದಿತು.

ಇಂಥ ಸುದ್ದಿಗಳು ಸದಸ್ಯರ ಮನೆಗಳಿಗೂ ಬರುತ್ತಿರುತ್ತವೆ. ಬಂದಾಗ ಹೆದರಿ ಏನನ್ನಾದರೂ ಬಿಡುವ ಮೊದಲು ಸಂಘದ ಕಚೇರಿಗೆ ಒಂದು ಕಾರ್ಡು ಬರೆಯಿರಿ, ಇಲ್ಲವೇ ಮಾಲು ತೂಗಲು ಬಂದಾಗ ಕೇಳಿರಿ. ತಿಳಿದವರಲ್ಲಿ ವಿಚಾರಿಸಿ ಮುಂದಿನ ಸಂಚಿಕೆಗಳಲ್ಲಿ ಉತ್ತರ ಕೊಡುವ ಪ್ರಯತ್ನ ಮಾಡೋಣ.